ಹಲ್ಲಿಯ ಮೇಲಣ ಸುಳ್ಳು ದೂರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನ ತೋಟದ ಜೊತೆಗೆ ಕಾಯಿಯ ಅಟ್ಟವೂ ಉಂಟು. ಸುಲಿಯದ ಕಾಯಿಗಳು ಅಲ್ಲಿ ತಿಂಗಳುಗಟ್ಟಲೆ ಒಣಗಿ ಉಂಡೆಕೊಬ್ಬರಿಯಾಗುತ್ತವೆ. ಆ ಅಟ್ಟದ ತೊಲೆಗಳಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಬಾಳುವ ಹಲ್ಲಿಯನ್ನು ಮಾತ್ರ ನಾವು ವಿಷಜಂತುವೆಂದು ಬಡಿಯುತ್ತೇವೆ. ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುತ್ತೇವೆ. ಇವೆರಡೂ ವಿಜ್ಞಾನ ಕಲಿಯುವವರಿಗೆ ತಕ್ಕುದಲ್ಲವೆಂಬುದು ನಮ್ಮ ಅಭಿಪ್ರಾಯ.

ಹಲ್ಲಿಗೆ ವಿಷಗ್ರಂಥಿಯಿಲ್ಲ. ಹಲ್ಲಿ ಬಿದ್ದ ಸಾರನ್ನು ಚೆಲ್ಲಬೇಕೆಂಬುದೇನೋ ನಿಜ. ಆದರೆ ಅದಕ್ಕೆ ಕಾರಣ ವಿಷವಲ್ಲ. ಹಲ್ಲಿಯ ಕರುಳಿನಲ್ಲಿರಬಹುದಾದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯ. ಇದಕ್ಕೆ ಬೇಕಾದುದು ಪಾತ್ರೆಗೊಂದು ಮುಚ್ಚಳ, ಹಲ್ಲಿಗೆ ಪೊರಕೆಯ ಪೆಟ್ಟಲ್ಲ.

ಹಲ್ಲಿಯೆಂದೊಡನೆ ಅಸಹ್ಯಪಡುವವರು ಅದರ ದ್ವೀಪವಾಸಿ ಬಂಧುಗಳನ್ನು ನೋಡಬೇಕು. ಅಂಡಮಾನಿನ ಫೆಲ್ಸುಮಾ ಹಲ್ಲಿಯದು ಎಲೆಹಸುರು ಮೈ, ಬೆನ್ನಿನ ಮೇಲೆ ಕೆಂಪು ಗುರುತುಗಳು. ಅದು ಹಗಲಿನಲ್ಲಿಯೇ ಸಂಚರಿಸುತ್ತದೆ. ಮಾರಿಷಸ್ ದ್ವೀಪದ ನೀಲಿ ಬಾಲದ ಫೆಲ್ಸುಮಾ ಹೂವಿನ ಮಕರಂದವನ್ನೂ ನೆಕ್ಕುತ್ತದೆ. ಆಗ ಪರಾಗವನ್ನು ಹೂವಿನಿಂದ ಹೂವಿಗೆ ಸಾಗಿಸುತ್ತದೆ. ಅಲ್ಲಿನ ಟ್ರೋಷೇಷಿಯಾ ಎಂಬ ಅಪರೂಪದ ಗಿಡವನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೋಧಪ್ರದವಾಗಿದೆ. ಕೇದಗೆಯ ಜಾತಿಯ ದಟ್ಟ ಪೊದೆಗಳ ಬಳಿಯಲ್ಲಿದ್ದ ಗಿಡಗಳಲ್ಲಿ ಕಾಯಿ ಹೆಚ್ಚು ಕಚ್ಚಿತು; ಏಕೆಂದರೆ ಹಲ್ಲಿಗಳಿಗೆ ಆ ಪೊದೆಗಳೇ ಆಶ್ರಯ. ಪೊದೆ ಕಡಿದರೆ ಹಲ್ಲಿ ದೂರ. ಹಲ್ಲಿ ದೂರವಾದರೆ ಹೂವು ಬಂಜೆ.

ಹಗಲು ತಿರುಗುವ ಹಲ್ಲಿ ದ್ವೀಪಗಳಿಗಷ್ಟೇ ಮೀಸಲಲ್ಲ. ಮೈಸೂರಿನ ಹೆಸರನ್ನೇ ಹೊತ್ತ ನೆಮಾಸ್ಪಿಸ್ ಮೈಸೂರಿಯೆನ್ಸಿಸ್ ಎಂಬ ಪುಟ್ಟ ಹಲ್ಲಿಯನ್ನು ಜರ್ಡನ್ 1853ರಲ್ಲಿಯೇ ವರ್ಣಿಸಿದನು. ಮಣ್ಣುಬಣ್ಣದ ಈ ಹಲ್ಲಿಗೂ ಫೆಲ್ಸುಮಾದಂತೆಯೇ ಕಣ್ಣಿನ ಪಾಪೆ ದುಂಡಗಿರುತ್ತದೆ. ಮನೆಯ ಹಲ್ಲಿಯ ಪಾಪೆಯಾದರೋ ಹಗಲ ಬೆಳಕಿನಲ್ಲಿ ಸೀಳುಗೆರೆಯಾಗುತ್ತದೆ.

ಸುಳಿ ಕೊರೆಯುವ ದುಂಬಿಯಿಂದ ಹಲ್ಲಿ ತೆಂಗನ್ನು ಕಾಪಾಡುವುದೆಂದು ನಾವು ಹೇಳುವುದಿಲ್ಲ. ಅಷ್ಟು ದೊಡ್ಡ ದುಂಬಿ ಅದರ ಬಾಯಿಗೆ ಮೀರಿದ್ದು. ಲಾಭ ಕಂಡರೆ ಮಾತ್ರ ಜೀವಕ್ಕೆ ಬೆಲೆಯೆಂಬ ಲೆಕ್ಕವೇ ಸರಿಯಲ್ಲ. ಒಂದು ಜೀವದ ನೆಲೆ ಇನ್ನೊಂದರ ಬದುಕಿಗೆ ಹೇಗೆ ಆಧಾರವೆಂಬುದು ಲಾಭದ ಲೆಕ್ಕಕ್ಕೆ ಸುಲಭವಾಗಿ ಸಿಕ್ಕದೆಂದು ಮಾರಿಷಸ್ಸಿನ ಹೂವು ತೋರಿಸಿಕೊಟ್ಟಿದೆ. ಆದುದರಿಂದ ವಿದ್ಯಾರ್ಥಿಗಳು ಪೊರಕೆಯನ್ನು ಬದಿಗಿಟ್ಟು ಟಿಪ್ಪಣಿಯ ಪುಸ್ತಕವನ್ನು ಹಿಡಿಯಲಿ. ತಮ್ಮ ತೋಟದ ಬೇಲಿ, ಕಲ್ಲುಗುಡ್ಡೆ, ಅಟ್ಟಗಳಲ್ಲಿ ಯಾವ ಹಲ್ಲಿ ಯಾವ ಹೊತ್ತಿನಲ್ಲಿ ಏನನ್ನು ತಿನ್ನುತ್ತದೆಂದು ನೋಡಿ ಬರೆದಿಡಲಿ. ಶಕುನಕ್ಕಿಂತ ಈ ಬರಹವೇ ಹೆಚ್ಚು ಫಲಕೊಡುವುದು.