ಪ್ರಶ್ನೆಯಿಲ್ಲದ ಚೀಟಿ

ಕುರುಗೋಡು ಸೀಮೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ಕಳೆದ ವರ್ಷ ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಹುಡುಗನಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಮುಂದೋಳಿನ ಮೇಲೊಂದು ಮಾಸಲು ಬಣ್ಣದ ಮಚ್ಚೆ. ಅದೇ ಕೈಯ ಕಿರುಬೆರಳು ಮತ್ತು ಉಂಗುರದ ಬೆರಳು ಒಳಕ್ಕೆ ಮಡಿಚಿಕೊಂಡಿದ್ದವು. ಮಚ್ಚೆ ಕಂಡ ಹೊಸತರಲ್ಲಿಯೇ ಅವರು ಹತ್ತಿರದ ಸರ್ಕಾರಿ ವೈದ್ಯರಿಗೆ ತೋರಿಸಿದ್ದರು. ವೈದ್ಯರಿಗೆ ಸಂದೇಹ ಬಂದಿತ್ತು. ಚೀಟಿಯ ಮೇಲೆ 'ಚರ್ಮರೋಗ ತಜ್ಞರಿಗೆ ತೋರಿಸಿ' ಎಂದಷ್ಟೇ ಬರೆದು ಕಳುಹಿಸಿದರು.

ಅವು ಮೆಣಸಿನಕಾಯಿ ಬಿಡಿಸುವ ದಿನಗಳು. ಕೂಲಿ ಬಿಟ್ಟು ಬಳ್ಳಾರಿಗೆ ಹೋಗುವುದಾದರೂ ಹೇಗೆ? ನೋಯದ ಮಚ್ಚೆಗೆ ಅವಸರವೇನೆಂದು ತಿಂಗಳುಗಳು ಉರುಳಿದವು. ಕೊನೆಗೆ ಹೊರಟಾಗ ಮೊದಲ ದಿನ ತಜ್ಞರು ರಜೆಯಲ್ಲಿದ್ದರು. ಎರಡನೆಯ ಸಲ ಟೋಕನ್ ಮುಗಿದಿತ್ತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವೆಂಬುದು ನಿಜ. ಆದರೆ ಮಗನಿಗೆ ಟಿಕೆಟ್ ಉಂಟು, ಇಬ್ಬರಿಗೂ ಕೂಲಿ ಇಲ್ಲ. "ಮೂರು ಸಲ ಹೋಗಿ ಬಂದ್ವಿ ಫಾದರ್. ಎಲ್ರೂ ಚೀಟಿ ಈಸ್ಕೊಂಡು ನೋಡಿದ್ರು. ಚೀಟಿನಾಗ ಏನೂ ಬರ್ದಿರಲಿಲ್ಲ" ಎಂದರು ಆ ತಾಯಿ.

ಅದು ಕುಷ್ಠರೋಗ. ಇದಕ್ಕಿರುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. 1995ರಿಂದ ಈ ಔಷಧ ಜಗತ್ತಿನಾದ್ಯಂತ ಉಚಿತ. ರೋಗದ ಬಗೆಯನ್ನನುಸರಿಸಿ 6 ಅಥವಾ 12 ತಿಂಗಳು ಸೇವಿಸಿದರೆ ಗುಣವಾಗುತ್ತದೆ. ಆದರೆ ನರಕ್ಕೆ ಒಮ್ಮೆ ಆದ ಹಾನಿ ಮಾತ್ರೆಯಿಂದ ಹಿಂದಿರುಗುವುದಿಲ್ಲ. ಮಚ್ಚೆಯ ಒಂದು ಛಾಯಾಚಿತ್ರ, ಹತ್ತಿಯ ಎಳೆ ತಾಗಿಸಿದರೆ ಅಲ್ಲಿ ಸ್ಪರ್ಶ ತಿಳಿಯುತ್ತದೆಯೇ ಇಲ್ಲವೇ ಎಂಬ ಒಂದು ಸಾಲು, 'ಇದು ಕುಷ್ಠವಿರಬಹುದೇ?' ಎಂಬ ಒಂದು ಪ್ರಶ್ನೆ: ಇಷ್ಟು ಅಂದೇ ತಜ್ಞರ ಮುಂದೆ ಹೋಗಿದ್ದರೆ ಆ ಬೆರಳುಗಳು ಇಂದು ನೆಟ್ಟಗಿರುತ್ತಿದ್ದವೇನೋ. ಹೋಗಬೇಕಾಗಿದ್ದದ್ದು ಪ್ರಶ್ನೆ, ನಾವು ಕಳುಹಿಸಿದ್ದು ರೋಗಿಯನ್ನು.

ಇಂತಹ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಎರಡು ದಶಕಗಳ ಹಿಂದೆಯೇ ಇಸ್ರೋದ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಜೋಡಿಸಲಾಗಿತ್ತು. ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಸಲಹೆ ನೀಡುತ್ತಾರೆ. 2019ರ ನವೆಂಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಇ-ಸಂಜೀವನಿಯ ಸಮಾಲೋಚನೆಗಳು 2023ರ ಫೆಬ್ರವರಿಯಲ್ಲಿಯೇ 10 ಕೋಟಿ ದಾಟಿದವು. ಅದನ್ನು ಹೆಚ್ಚು ಬಳಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆದರೂ ನಮಗೊಂದು ತಕರಾರಿದೆ. ಇ-ಸಂಜೀವನಿ ಮುಖ್ಯವಾಗಿ ಮುಖಾಮುಖಿಯ ಅನುಕರಣೆ. ಇತ್ತ ರೋಗಿ, ಅತ್ತ ಪರದೆಯ ಮೇಲೆ ವೈದ್ಯರು. ಇಬ್ಬರೂ ಒಂದೇ ಗಳಿಗೆಯಲ್ಲಿ ಬಿಡುವಾಗಿರಬೇಕು, ಜಾಲ ಸಂಪರ್ಕ ಸರಿಯಾಗಿರಬೇಕು. ತಜ್ಞರು ಎಲ್ಲೆಡೆಯೂ ವಿರಳ. ಅವರ ಗಳಿಗೆ ಇನ್ನೂ ವಿರಳ. ಕೆನಡಾದ ಒಟ್ಟಾವಾ ನಗರದಲ್ಲಿ ಡಾ. ಕ್ಲೇರ್ ಲಿಡ್ಡಿ ಮತ್ತು ಡಾ. ಎರಿನ್ ಕೀಲಿ ಎಂಬ ವೈದ್ಯೆಯರು 2010ರ ಸುಮಾರಿಗೆ ರೂಪಿಸಿದ ಪದ್ಧತಿ ಇದಕ್ಕಿಂತ ಸರಳ. ಕುಟುಂಬ ವೈದ್ಯರು ಪ್ರಶ್ನೆಯನ್ನು ಬರೆದು, ಚಿತ್ರ ಅಥವಾ ಪರೀಕ್ಷಾ ವರದಿಯನ್ನು ಲಗತ್ತಿಸಿ ಕಳುಹಿಸುತ್ತಾರೆ; ತಜ್ಞರು ತಮಗೆ ಬಿಡುವಾದಾಗ, ಬಹುತೇಕ ಒಂದೆರಡು ದಿನಗಳಲ್ಲಿ, ಬರೆದು ಉತ್ತರಿಸುತ್ತಾರೆ. ತಜ್ಞರ ಬಳಿಗೆ ಕಳುಹಿಸಬೇಕೆಂದು ವೈದ್ಯರು ಯೋಚಿಸಿದ್ದ ರೋಗಿಗಳ ಪೈಕಿ ಬಹಳಷ್ಟು ಮಂದಿ ಆ ಉತ್ತರದ ನಂತರ ಹೋಗಬೇಕಾಗಿಯೇ ಬರಲಿಲ್ಲವೆಂದು ಅಲ್ಲಿನ ಲೆಕ್ಕ ತೋರಿಸಿತು. ನಿಜವಾಗಿಯೂ ಹೋಗಬೇಕಾದವರಿಗೆ ಸರದಿ ಹಗುರವಾಗುವುದು ಇದರಿಂದಲೇ.

ನಮ್ಮ ವೈದ್ಯರೂ ಇದನ್ನು ಮಾಡುವುದಿಲ್ಲವೇ, ವಾಟ್ಸಾಪ್‌ನಲ್ಲಿ ಪರಿಚಿತ ತಜ್ಞರಿಗೆ ಚಿತ್ರ ಕಳುಹಿಸಿ ಕೇಳುವುದಿಲ್ಲವೇ ಎಂದು ಕೆಲವರು ಹೇಳಬಹುದು. ಕೇಳುತ್ತಾರೆ, ಅದು ಅವರ ಒಳ್ಳೆಯತನ. ಆದರೆ ಬಡ ರೋಗಿಯ ಕೈಬೆರಳು ಉಳಿಯುವುದು ಅವನ ವೈದ್ಯರಿಗೆ ಚರ್ಮರೋಗ ತಜ್ಞರಾದ ಸಹಪಾಠಿಯೊಬ್ಬರು ಇದ್ದಾರೆಯೇ ಎಂಬುದರ ಮೇಲೆ ನಿಲ್ಲಬಾರದು. ಅಲ್ಲದೆ, ಊರು ಇನ್ನೂ ಅಂಜಿ ದೂರವಿಡುವ ರೋಗವೊಂದರ ಚಿತ್ರ ಯಾರ ಯಾರ ಫೋನಿನಲ್ಲಿ ಉಳಿದೀತೆಂಬ ಚಿಂತೆಯೂ ಇದೆ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ಮಾತಿನ ಮೇಲೆ ನಮ್ಮ ಗುರುಗಳು ಒಂದು ವಾರ ಕಳೆದಿದ್ದರು. ವೈದ್ಯ ಗುಣಪಡಿಸುವುದು 'ಮನುಷ್ಯ'ನನ್ನಲ್ಲ, ಹೆಸರುಳ್ಳ ಈ ಒಬ್ಬ ವ್ಯಕ್ತಿಯನ್ನು ಎಂಬುದು ಅದರ ಭಾವ. ತಜ್ಞರಿಗೆ ರೋಗ ಗೊತ್ತು. ಈ ಹುಡುಗ ಗೊತ್ತಿರುವುದು ಊರ ವೈದ್ಯರಿಗೆ. 2020ರ ಮಾರ್ಚ್ 25ರಂದು ಪ್ರಕಟವಾದ ದೂರವೈದ್ಯ ಮಾರ್ಗಸೂಚಿಗಳೂ ವೈದ್ಯರು ಪರಸ್ಪರ ಸಲಹೆ ಪಡೆಯಬಹುದೆಂದೂ, ಚಿಕಿತ್ಸೆಯ ಹೊಣೆ ರೋಗಿಯನ್ನು ನೋಡಿಕೊಳ್ಳುತ್ತಿರುವ ವೈದ್ಯರದ್ದೇ ಎಂದೂ ಹೇಳುತ್ತವೆ. ಆದ್ದರಿಂದ ಊರಿನಲ್ಲಿ ನೆಲೆನಿಂತ ವೈದ್ಯರಿಲ್ಲದೆ ಈ ಏರ್ಪಾಡು ನಡೆಯದು. ಖಾಲಿ ಹುದ್ದೆಯನ್ನು ಮುಚ್ಚಿಡುವ ಪರದೆಯಾಗಿ ಇದನ್ನು ಬಳಸುವುದಾದರೆ ನಮ್ಮ ವಿರೋಧವಿದೆ.

ಇದರ ಮಿತಿಯನ್ನು ಬಳ್ಳಾರಿಯ ಜನರಿಗೆ ಹೇಳಿಕೊಡಬೇಕಾಗಿಲ್ಲ. 2024ರ ನವೆಂಬರ್‌ನಲ್ಲಿ ನಮ್ಮ ನಗರದಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡಾಗ ಸಂದೇಹ ಹೋದದ್ದು ಅವರಿಗೆ ಏರಿಸಿದ ದ್ರಾವಣದ ಬಾಟಲಿಯ ಮೇಲೆ. ಅಲ್ಲಿ ತಜ್ಞರ ಅಭಿಪ್ರಾಯಕ್ಕೆ ಕೊರತೆಯಿರಲಿಲ್ಲ. ಸಲಹೆಯನ್ನು ತಂತಿಯ ಮೇಲೆ ಕಳುಹಿಸಬಹುದು, ಔಷಧದ ಶುದ್ಧಿಯನ್ನಲ್ಲ.

ಇಷ್ಟಾದರೂ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿ ಇದನ್ನು ಆರಂಭಿಸಿ ನೋಡಬೇಕೆಂದೇ ನಮ್ಮ ಒತ್ತಾಯ. ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿ.ಮೀ.ಗೂ ಹೆಚ್ಚು ದಾರಿ. ನದಿಯಂಚಿನ ಹಳ್ಳಿಗಳಿಗೆ ಇನ್ನೂ ದೂರ. ಇತ್ತ ನಗರದಲ್ಲಿ 1961ರಲ್ಲಿ ಸ್ಥಾಪನೆಯಾದ, ಜನರ ಬಾಯಲ್ಲಿ ಇಂದಿಗೂ ವಿಮ್ಸ್ ಆಗಿಯೇ ಉಳಿದಿರುವ ವೈದ್ಯಕೀಯ ಕಾಲೇಜಿದೆ, ಅಲ್ಲಿ ಹಲವು ವಿಭಾಗಗಳ ತಜ್ಞರಿದ್ದಾರೆ. ಚರ್ಮರೋಗದಿಂದಲೇ ಮೊದಲಾಗಲಿ; ಚಿತ್ರದಲ್ಲಿ ಹೆಚ್ಚು ತಿಳಿಯುವುದು ಅಲ್ಲಿಯೇ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬಂದ ಪ್ರಶ್ನೆಗೆ ಎರಡು ದಿನಗಳೊಳಗೆ ಲಿಖಿತ ಉತ್ತರ ಹೋಗಲಿ, ಅದು ರೋಗಿಯ ದಾಖಲೆಯಲ್ಲಿ ಉಳಿಯಲಿ. ಹಳ್ಳಿಗಳಲ್ಲಿ ಔಷಧಾಲಯ ನಡೆಸುವ ನಮ್ಮ ಧರ್ಮಭಗಿನಿಯರೂ ಸಂದೇಹದ ರೋಗಿಯನ್ನು ನೇರವಾಗಿ ನಗರದ ಬಸ್ಸು ಹತ್ತಿಸುವ ಮೊದಲು ಆ ಕೇಂದ್ರದ ವೈದ್ಯರಿಗೆ ತೋರಿಸಲಿ.

ಒಟ್ಟಾವಾದಲ್ಲಿ ಉತ್ತರಕ್ಕೆ ತಗಲಿದ ಸಮಯಕ್ಕೆ ತಕ್ಕಂತೆ ತಜ್ಞರಿಗೆ ಸಂಭಾವನೆ ಸಲ್ಲುತ್ತದೆ. ಇಲ್ಲಿ ಅಷ್ಟಾಗದಿದ್ದರೂ, ವಾರಕ್ಕೆ ಇಂತಿಷ್ಟು ತಾಸುಗಳೆಂದು ಈ ಉತ್ತರದ ಕೆಲಸವನ್ನು ಕರ್ತವ್ಯದ ಪಟ್ಟಿಯಲ್ಲಿ ಬರೆಯಲಿ. ಇಲ್ಲವಾದರೆ ನೂರು ಹೊರರೋಗಿಗಳನ್ನು ನೋಡಿ ದಣಿದ ವೈದ್ಯರ ಮೇಜಿನ ಮೇಲೆ ಹಳ್ಳಿಯ ಪ್ರಶ್ನೆ ನಾಳೆಗೆ, ನಾಡಿದ್ದಿಗೆ ಉಳಿಯುತ್ತದೆ.