ಟಿಪ್ಪುವಿನ ಖಡ್ಗ ಬೇಕು, ಕಾರ್ಖಾನೆ ಬೇಡವೇ?

2023ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನರ ಖಡ್ಗವೊಂದು ಲಂಡನ್ನಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹರಾಜಾದಾಗ ನಮ್ಮವರ ಮೊಬೈಲುಗಳಲ್ಲೆಲ್ಲ ಅದರದೇ ಚಿತ್ರ. ಹೆಮ್ಮೆಪಟ್ಟೆವು, ಪರರ ಪಾಲಾಯಿತೆಂದು ಮರುಗಿದೆವು. ಆದರೆ ಶ್ರೀರಂಗಪಟ್ಟಣದ ಅರಮನೆಯಿಂದ 1799ರಲ್ಲಿ ಬ್ರಿಟಿಷರು ಹೊತ್ತೊಯ್ದ ಸುಮಾರು 2,000 ಗ್ರಂಥಗಳ ಬಗ್ಗೆ ಮರುಗಿದವರೆಷ್ಟು ಮಂದಿ? ಕಲ್ಕತ್ತಕ್ಕೂ ಲಂಡನ್ನಿಗೂ ಹಂಚಿಹೋದ ಆ ಗ್ರಂಥಾಲಯ ನಮ್ಮ ಉರೂಸಿನ ಭಾಷಣಗಳಲ್ಲಿ ಒಮ್ಮೆಯಾದರೂ ಪ್ರಸ್ತಾಪವಾಗಿದೆಯೇ?

ಖಡ್ಗದ ಟಿಪ್ಪುವನ್ನು ನಾವು ಬಲ್ಲೆವು. ಕಾರ್ಖಾನೆಯ ಟಿಪ್ಪುವನ್ನು ಮರೆತಿದ್ದೇವೆ. 1786ರಲ್ಲಿ ಇಸ್ತಾಂಬುಲಿಗೆ ಹೊರಟ ಅವರ ನಿಯೋಗವೂ 1788ರಲ್ಲಿ ಫ್ರಾನ್ಸಿನ ದೊರೆಯನ್ನು ಕಂಡ ನಿಯೋಗವೂ ಸೈನಿಕ ನೆರವನ್ನಷ್ಟೇ ಬೇಡಲಿಲ್ಲ. ಬಂದೂಕು, ಗಾಜು, ಗಡಿಯಾರ ಮಾಡಬಲ್ಲ ಕುಶಲಕರ್ಮಿಗಳನ್ನೂ ಕೇಳಿದವು. ಮಸ್ಕತ್ತಿನಲ್ಲಿ ಮೈಸೂರು ಸರಕಾರದ ವ್ಯಾಪಾರ ಕೋಠಿಯಿತ್ತು. ರೇಷ್ಮೆ ಹುಳು ಬಂಗಾಳದಿಂದ ಬಂತು. ಕಬ್ಬಿಣದ ಕವಚದ ರಾಕೆಟ್ಟುಗಳನ್ನು ಶತ್ರುಗಳೇ ಇಂಗ್ಲೆಂಡಿಗೆ ಒಯ್ದು ಅನುಕರಿಸಿದರು. ಕಾವೇರಿಗೆ ಅಣೆಕಟ್ಟು ಕಟ್ಟುವ ಸಂಕಲ್ಪದ ಪಾರಸಿ ಶಾಸನವನ್ನು ಕನ್ನಂಬಾಡಿಯಲ್ಲಿ ಇಂದಿಗೂ ಕಾಣಬಹುದು. ನಾವು ಮಾತ್ರ ಅದರ ಪಕ್ಕದಿಂದ ಹಾದು ಕಾರಂಜಿ ನೋಡಿ ಮರಳುತ್ತೇವೆ.

ಈಗ ಜಪಾನಿನತ್ತ ನೋಡೋಣ. ಎರಡು ಶತಮಾನಕ್ಕೂ ಮಿಕ್ಕಿ ಹೊರಜಗತ್ತಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಂಡಿದ್ದ ಆ ದ್ವೀಪರಾಷ್ಟ್ರದ ಕರಾವಳಿಗೆ 1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದು ನಿಂತವು. ಹದಿನೈದು ವರ್ಷಗಳಲ್ಲಿ ಶೋಗನರ ಆಳ್ವಿಕೆ ಕುಸಿಯಿತು. 1871ರಲ್ಲಿ ಪಾಳೆಯಪಟ್ಟುಗಳು ರದ್ದಾಗಿ ಜಿಲ್ಲೆಗಳಾದವು. ಅದೇ ವರ್ಷ ಹಿರಿಯ ಮಂತ್ರಿಗಳೇ ಕಲಿಯಲೆಂದು ಅಮೆರಿಕ, ಯುರೋಪುಗಳಿಗೆ ಹಡಗು ಹತ್ತಿದರು. ಟಿಪ್ಪುವಿನ ನಿಯೋಗ ಹೋಗಿ ಎಂಭತ್ತು ವರ್ಷಗಳೇ ಕಳೆದಿದ್ದವು! 1872ರ ಕಾನೂನು ಗಂಡು, ಹೆಣ್ಣೆಂಬ ಭೇದವಿಲ್ಲದೆ ಪ್ರತಿ ಮಗುವನ್ನೂ ಶಾಲೆಗೆ ಕರೆಯಿತು. 1876ರಲ್ಲಿ ಸಮುರಾಯಿಗಳು ಸೊಂಟದ ಖಡ್ಗವನ್ನೇ ಬಿಚ್ಚಿಡಬೇಕಾಯಿತು.

ಮೊದಲು ಹೊರಟವರು ನಾವು, ಮುಟ್ಟಿದವರು ಅವರು. ಏಕೆ? ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ಮೀರ್ ಸಾದಿಕನ ದ್ರೋಹ. ದ್ರೋಹವನ್ನು ಯಾರೂ ಅಲ್ಲಗಳೆಯುವುದಿಲ್ಲ. ಹದಿನೇಳು ವರ್ಷಗಳ ಆಳ್ವಿಕೆಯ ಬಹುಭಾಗ ಯುದ್ಧದಲ್ಲೇ ಕಳೆಯಿತು, 1792ರಲ್ಲಿ ಅರ್ಧ ರಾಜ್ಯವೇ ಕೈಬಿಟ್ಟಿತು ಎಂಬುದೂ ನಿಜ. ಆದರೆ ಒಬ್ಬನ ದ್ರೋಹದಿಂದ, ಒಬ್ಬರ ಮರಣದಿಂದ ಇಡೀ ಕಟ್ಟಡ ಕುಸಿಯಿತೆಂದರೆ ಅದು ಒಂದೇ ಕಂಬದ ಮೇಲೆ ನಿಂತಿತ್ತೆಂದೇ ಅರ್ಥ. ಕಾರ್ಖಾನೆ, ಕೋಠಿ, ಕುಶಲಕರ್ಮಿ ಎಲ್ಲವೂ ಸುಲ್ತಾನರ ಫರ್ಮಾನಿನಿಂದ ನಡೆದವು. 1799ರ ಮೇ 4ರಂದು ಫರ್ಮಾನು ಹೊರಡಿಸುವ ಕೈ ನಿಂತಿತು. ಜಪಾನಿನಲ್ಲಿ ಸುಧಾರಣೆಯ ಮುಂದಾಳುಗಳು ಒಬ್ಬೊಬ್ಬರಾಗಿ ಅಳಿದರೂ ಹಳ್ಳಿಯ ಶಾಲೆ ಮುಚ್ಚಲಿಲ್ಲ.

ಇದರ ಬೆಲೆಯನ್ನು ನಾವೇ ತೆತ್ತಿದ್ದೇವೆ. ಟಿಪ್ಪು ತರಿಸಿದ ರೇಷ್ಮೆಯನ್ನು ಮತ್ತೆ ಕಲಿಸಲು, ಅವರು ಮಡಿದ ಒಂದು ಶತಮಾನದ ಬಳಿಕ, ಟಾಟಾರ ಫಾರಮ್ಮಿಗೆ ಜಪಾನೀ ತಜ್ಞರೇ ಬೆಂಗಳೂರಿಗೆ ಬರಬೇಕಾಯಿತು. 1898ರಲ್ಲಿ ಜಪಾನನ್ನು ಕಂಡು ಬಂದ ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ ಮೈಸೂರಿಗೆ ಬ್ಯಾಂಕು, ವಿಶ್ವವಿದ್ಯಾನಿಲಯಗಳು ಬಂದವು. ರಾಮನಗರದ ಬಿಚ್ಚಣಿಕೆ ಘಟಕಗಳಲ್ಲಿ ಕುದಿನೀರಿನಲ್ಲಿ ಕೈ ಅದ್ದುವ ಕೂಲಿ ಮಾತ್ರ ನಮ್ಮವರ ಪಾಲಿಗೆ ಉಳಿಯಿತು.

ಜಪಾನಿನದೆಲ್ಲವೂ ಅನುಕರಣೀಯವಲ್ಲ. ಅದೇ ಶಾಲೆಯಲ್ಲಿ ಚಕ್ರವರ್ತಿಯ ಆರಾಧನೆಯನ್ನೂ ಕಲಿಸಲಾಯಿತು. 1910ರಲ್ಲಿ ಅದು ಕೊರಿಯಾವನ್ನು ನುಂಗಿತು. 1945ರಲ್ಲಿ ತಾನೇ ಬೂದಿಯಾಯಿತು. ನ್ಯಾಯವಿಲ್ಲದ ವಿದ್ಯೆ ಎಲ್ಲಿಗೆ ಒಯ್ಯುತ್ತದೆಂಬುದಕ್ಕೂ ಅದೇ ನಿದರ್ಶನ. ಆದರೆ ವಿದ್ಯೆಯೇ ಇಲ್ಲದವನು ನ್ಯಾಯವನ್ನು ಕೇಳುವುದಾದರೂ ಹೇಗೆ? ದೇವವಾಣಿಯ ಪ್ರಥಮ ಆದೇಶವೇ ಓದಿನದು. ಬದ್ರ್‌ನ ಅಕ್ಷರಸ್ಥ ಕೈದಿಗಳು ಮದೀನದ ಮಕ್ಕಳಿಗೆ ಬರಹ ಕಲಿಸುವುದನ್ನೇ ಪ್ರವಾದಿಯವರು(ಸ) ಬಿಡುಗಡೆಯ ಬೆಲೆಯಾಗಿ ಸ್ವೀಕರಿಸಿದರು. ಶತ್ರುವಿನಿಂದಲೂ ಕಲಿಯುವ ಧೈರ್ಯವನ್ನು ನಮಗೆ ಜಪಾನು ಹೇಳಿಕೊಡಬೇಕಾಗಿರಲಿಲ್ಲ.

ಸರಕಾರದ ಟಿಪ್ಪು ಜಯಂತಿ 2015ರಲ್ಲಿ ಬಂತು, 2019ರಲ್ಲಿ ಹೋಯಿತು. ಬಂದಾಗ ಕುಣಿದೆವು, ಹೋದಾಗ ಕನಲಿದೆವು. ಆ ನಡುವೆ ನಮ್ಮ ಎಷ್ಟು ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದರು, ಎಷ್ಟು ಹುಡುಗರು ಗ್ಯಾರೇಜು ಸೇರಿದರು ಎಂದು ಯಾವ ಜಮಾಅತ್ ಲೆಕ್ಕವಿಟ್ಟಿದೆ? ಟಿಪ್ಪುವಿನ ಚರಿತ್ರೆಯನ್ನು ಪಠ್ಯದಿಂದ ಅಳಿಸಲು ಹೊರಟವರ ವಿರುದ್ಧ ಹೋರಾಡೋಣ, ಅದು ನ್ಯಾಯವೇ. ಆದರೆ ಪಠ್ಯಪುಸ್ತಕವನ್ನೇ ಕೈಯಿಂದ ಕೆಳಗಿಟ್ಟ ಮಗುವಿಗೆ ಅದರಲ್ಲಿ ಟಿಪ್ಪು ಇದ್ದರೇನು, ಇಲ್ಲದಿದ್ದರೇನು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಜಮಾಅತ್‌ಗಳು ಒಂದಾಗಲಿ. ಮುಂದಿನ ಉರೂಸಿನ ಮುನ್ನ ಪ್ರತಿ ಮೊಹಲ್ಲಾದಲ್ಲೂ ಶಾಲೆ ಬಿಟ್ಟ ಮಕ್ಕಳ ಪಟ್ಟಿಯಾಗಲಿ. ದೀಪಾಲಂಕಾರದ, ಬ್ಯಾನರುಗಳ ಖರ್ಚಿನಲ್ಲಿ ಅರ್ಧವನ್ನು ಮಂಡ್ಯದಲ್ಲೋ ಮೈಸೂರಿನಲ್ಲೋ ಹೆಣ್ಣುಮಕ್ಕಳ ವಸತಿನಿಲಯಕ್ಕೆ ಎತ್ತಿಡಲಿ. ಇನ್ನೊಬ್ಬ ಟಿಪ್ಪು ಬರಲೆಂದು ಕಾಯುತ್ತಾ ಇನ್ನೂರು ವರ್ಷಗಳಿಗೂ ಹೆಚ್ಚಾಯಿತು. ಕಾಯುವುದನ್ನು ಬಿಟ್ಟು ಕಲಿಸಲು ತೊಡಗೋಣ. ಗುಂಬಝ್‌ನಲ್ಲಿ ಮಲಗಿರುವ ಸುಲ್ತಾನರಿಗೆ ಹೊದಿಸುವ ಚಾದರಕ್ಕಿಂತ ಅದೇ ದೊಡ್ಡ ಗೌರವ.