ಮಳೆ ಕೈಕೊಟ್ಟಾಗ ಮುಸುಕಿನ ಜೋಳಕ್ಕೆ ಯೂರಿಯಾ: ಕಡಕೊಳ ಭಾಗದ ರೈತರ ಗಮನಕ್ಕೆ



2025ರ ಮುಂಗಾರಿನಲ್ಲಿ ರಾಜ್ಯದ ಹಲವೆಡೆ ಯೂರಿಯಾಕ್ಕಾಗಿ ಸರದಿ ನಿಲ್ಲಬೇಕಾಯಿತು. ಮುಸುಕಿನ ಜೋಳದ ಕ್ಷೇತ್ರ ಹೆಚ್ಚಿದ್ದು ಅದರ ಕಾರಣಗಳಲ್ಲೊಂದು. ಅದಕ್ಕೂ ಮುನ್ನ 2023ರಲ್ಲಿ ಕಾಡಿದ್ದು ನೀರಿನ ಕೊರತೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಈ ಎರಡು ಕೊರತೆಗಳನ್ನು ನಾವು ಬೇರೆ ಬೇರೆಯಾಗಿ ನೋಡುತ್ತೇವೆ. ಬೆಳೆಯ ಬೇರಿನ ಬಳಿ ಅವು ಬೇರೆಯಲ್ಲ.

ಸಾರಜನಕವು ಮಣ್ಣಿನ ನೀರಿನಲ್ಲಿ ಕರಗಿ, ಆ ನೀರಿನೊಡನೆಯೇ ಬೇರನ್ನು ಸೇರುತ್ತದೆ. ತೇವಾಂಶವಿಲ್ಲದ ಹೊಲಕ್ಕೆ ಎರಚಿದ ಯೂರಿಯಾ ಗಿಡಕ್ಕೆ ದೊರೆಯದು; ಮೇಲ್ಮಣ್ಣಿನ ಅಲ್ಪ ಪಸೆಗೆ ಕರಗಿ, ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕೆಂಪು ಮರಳುಮಿಶ್ರಿತ ಭೂಮಿಯಲ್ಲಿ ತೇವ ಬೇಗ ಆರುವುದರಿಂದ ಈ ನಷ್ಟ ಸಾಮಾನ್ಯ. ಎಲೆ ಹಳದಿಯಾದೊಡನೆ ಚೀಲ ಬಿಚ್ಚುವ ಅಭ್ಯಾಸ ಬಿಡಬೇಕು. ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುವುದು ಸಾರಜನಕದ ಕೊರತೆಯ ಲಕ್ಷಣವೇ ಹೌದು. ಆದರೆ ನಡುಹಗಲಿನಲ್ಲಿ ಎಲೆಗಳು ಸುರುಳಿ ಸುತ್ತುತ್ತಿದ್ದರೆ, ಗೊಬ್ಬರವಿದ್ದೂ ಗಿಡ ಹೀರಲಾರದ ಸ್ಥಿತಿ ಅದು.

ಮಳೆಯಾಶ್ರಿತ ಬೆಳೆಗೆ ಎಕರೆಗೆ 40 ಕಿಲೋ ಸಾರಜನಕ, 20 ಕಿಲೋ ರಂಜಕ, 10 ಕಿಲೋ ಪೊಟ್ಯಾಷ್ ಶಿಫಾರಸು ಇದೆ. ಬಿತ್ತುವಾಗ ಒಂದು ಚೀಲ ಡಿಎಪಿ, 45 ಕಿಲೋ ಚೀಲದ ಅರ್ಧ ಯೂರಿಯಾ ಕೊಟ್ಟರೆ ಸಾರಜನಕದ ಅರ್ಧ ಪಾಲು ಸಂದಂತೆ. ಬೀಜಕ್ಕೆ ಗೊಬ್ಬರ ತಾಗದಿರಲಿ. ಉಳಿದ ಒಂದು ಚೀಲವನ್ನು 30–35ನೇ ದಿನಕ್ಕೆ ಎಂದು ನಾವೇ ಬರೆಯುತ್ತ ಬಂದಿದ್ದೇವೆ. ನನ್ನ ಅಭಿಪ್ರಾಯದಲ್ಲಿ ದಿನಲೆಕ್ಕಕ್ಕಿಂತ ಹದ ಮುಖ್ಯ. ಮಳೆ ಬಿದ್ದು ನೆಲ ನೆನೆದ ಮೇಲೆ ಸಾಲಿನ ಪಕ್ಕದಲ್ಲಿ ಹಾಕಿ, ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿರಿ. ಒಂದು ವಾರ ತಡವಾದರೂ ಒಣನೆಲಕ್ಕೆ ಹಾಕುವುದಕ್ಕಿಂತ ಲೇಸು.

ಸೂಲಂಗಿ ಹೊರಟು ತೆನೆಯ ರೇಷ್ಮೆ ಎಳೆ ಕಾಣುವ ಹೊತ್ತೇ ನೀರಿಗೆ ಅತಿ ಸೂಕ್ಷ್ಮ. ಬರದಲ್ಲಿ ಎಳೆಗಳು ತಡವಾಗಿ ಹೊರಬರುತ್ತವೆ. ಅಷ್ಟರಲ್ಲಿ ಪರಾಗ ಉದುರಿ ಮುಗಿದು, ತೆನೆಯಲ್ಲಿ ಕಾಳು ಬಿಡಿಬಿಡಿಯಾಗಿ ಕಟ್ಟುತ್ತದೆ. ಈ ನಷ್ಟವನ್ನು ಯಾವ ಯೂರಿಯಾವೂ ತುಂಬದು. ಕೃಷಿಹೊಂಡದಲ್ಲಿ ಒಂದೇ ನೀರಿಗೆ ಸಾಕಾಗುವಷ್ಟು ಇದ್ದರೆ ಆಗಲೇ ಹಾಯಿಸಿ. ಅಲ್ಲಿಯವರೆಗೂ ಮಳೆಯಾಗದಿದ್ದರೆ ಉಳಿದ ಚೀಲವನ್ನು ಹಿಂಗಾರಿಗೆ ಉಳಿಸಿಕೊಳ್ಳಿ.

ಕಾಳು ಕಟ್ಟದ ಬೆಳೆಯನ್ನು ದನಗಳಿಗೆ ಕೊಯ್ಯುವವರು ಎಚ್ಚರ ವಹಿಸಬೇಕು. ಯೂರಿಯಾ ಉಂಡು ಬಾಡಿದ ದಂಟಿನ ಬುಡದಲ್ಲಿ ನೈಟ್ರೇಟ್ ಶೇಖರವಾಗಿ ದನಗಳ ಜೀವಕ್ಕೇ ಅಪಾಯವಾಗಬಹುದು. ಬುಡದ ಒಂದಡಿ ಹೊಲದಲ್ಲೇ ಬಿಡಿ. ಬರದ ನಂತರ ಮಳೆಯಾದರೆ ಒಂದು ವಾರ ಕೊಯ್ಯಬೇಡಿ. ಹಸಿದ ದನಕ್ಕೆ ಅದನ್ನೇ ಹಾಕದೆ ಒಣಹುಲ್ಲಿನೊಂದಿಗೆ ಬೆರೆಸಿ ಕೊಡಿ.